ಎದೆಮಟ್ಟದ ನೀರುನಾಯಿ

ವನ್ಯಜೀವಿ ಸಂರಕ್ಷಣೆಯ ಸ್ನಾತಕೋತ್ತರ ತರಬೇತಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ಕೊಟ್ಟ ಪದವಿಯಿಂದಾಗಿ ಒಂದು ಹೊಳೆಯ ನೀರುನಾಯಿಗಳು ಈಗಾಗಲೇ ಕಾಗದದ ಮೇಲೆ ಸತ್ತಿವೆ. ತಿಂಗಳ ಕೊನೆಗೆ ದಡಕ್ಕೆ ಕಾಂಕ್ರೀಟು ಸುರಿದಾಗ ನಿಜವಾಗಿಯೂ ಸಾಯುತ್ತವೆ. ಅವು ಅಲ್ಲಿಲ್ಲವೆಂಬ ವರದಿಗೆ ಸಹಿ ಹಾಕಿದವಳು ನಾನು, ಕಲಿಸಿದವರು ನೀವು. ಪಾಪದಲ್ಲಿ ಸಮಪಾಲು ಎನ್ನೋಣವೇ?

ನಿಮ್ಮ ಕೋರ್ಸಿನ ಕೈಪಿಡಿಯಲ್ಲಿ 'ಪ್ರಾಯೋಗಿಕ ಕೌಶಲ' ಎಂಬ ಮಾತು ಏಳು ಸಲ ಬರುತ್ತದೆ. ಎರಡು ವರ್ಷದಲ್ಲಿ ನಾವು ಕಾಡಿಗೆ ಹೋದದ್ದು ಒಂದೇ ಸಲ, ಅದೂ ಗುಂಪಿನ ಫೋಟೋಗೆ. ಜೀಪು ಕೇಳಿದರೆ ಚಾಲಕರಿಗೆ ರಜೆ. ನಡೆದೇ ಹೋಗುತ್ತೇವೆಂದರೆ, ಕಾಲು ಜಾರಿದರೆ ಹೊಣೆ ಯಾರೆಂಬ ಸುತ್ತೋಲೆ. ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟುವ ಪರೀಕ್ಷೆಯನ್ನು ವಿಭಾಗದ ಕಾರಿಡಾರಿನಲ್ಲೇ ಮುಗಿಸಿದಿರಿ. ಕಂಬಕ್ಕೆ ಎದೆಮಟ್ಟದಲ್ಲಿ ಕ್ಯಾಮೆರಾ ಬಿಗಿದೆವು. ಪ್ರಾಣಿಯ ಪಾತ್ರದಲ್ಲಿ ನಮ್ಮ ಅಟೆಂಡರಣ್ಣ ಫೈಲು ಹಿಡಿದು ಗಂಭೀರವಾಗಿ ಹಾದುಹೋದರು. ಯಾರ ಚಿತ್ರದಲ್ಲಿ ಅವರ ಮುಖ ಚೆನ್ನಾಗಿ ಬಂತೋ ಅವರೆಲ್ಲ ಪಾಸು.

ಕೆಲಸ ಸಿಕ್ಕಿತು. ಕಾಂಕ್ರೀಟು ದಡ ಕಟ್ಟುವ ಮುನ್ನ ಅಲ್ಲಿ ನೀರುನಾಯಿ ಇದೆಯೇ ಎಂದು ನೋಡುವ ಸಮೀಕ್ಷೆಗೆ ಹನ್ನೆರಡು ಕ್ಯಾಮೆರಾ ಕೊಟ್ಟರು. ಗುರುಗಳ ಪಾಠ ಮೀರದೆ ಹನ್ನೆರಡನ್ನೂ ಎದೆಮಟ್ಟಕ್ಕೇ ಕಟ್ಟಿದೆ. ಎರಡು ತಿಂಗಳಲ್ಲಿ ಸಿಕ್ಕಿದ್ದು ಕೊಂಬೆಗಳು, ಮಂಜು ಮತ್ತು ಮೀನು ಹಿಡಿಯುವವರ ಹೊಟ್ಟೆಗಳು. 'ನೀರುನಾಯಿ ಕಂಡುಬಂದಿಲ್ಲ' ಎಂದು ಬರೆದು ಕಳಿಸಿದೆ. ದಡ ಕಟ್ಟುವವರಿಗೆ ಬೇಕಾಗಿದ್ದದ್ದೂ ಅದೇ ಸಾಲು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಆಮೇಲೆ ಕ್ಯಾಮೆರಾ ಬಿಚ್ಚಲು ಹೋದಾಗ ಅಲ್ಲಿನ ಅರಣ್ಯ ಕಾವಲುಗಾರರೊಬ್ಬರು ಪಕ್ಕದಲ್ಲಿ ನಿಂತು ನೋಡಿದರು.

"ಏನಮ್ಮಾ, ನೀರುನಾಯಿ ಅಂದ್ರೆ ಒಂಟೆ ಅಂದ್ಕೊಂಡ್ಯಾ? ಮೊಣಕಾಲಿಗಿಂತ ಕೆಳಗೆ ಕಟ್ಬೇಕಿತ್ತು."

ಕೈಹಿಡಿದು ದಡಕ್ಕಿಳಿಸಿದರು. ಬಂಡೆಯ ಮೇಲೆ ಮೀನಿನ ಮುಳ್ಳು ತುಂಬಿದ ಹಸಿ ಹಿಕ್ಕೆ, ಕೆಸರಲ್ಲಿ ಹೆಜ್ಜೆಗುರುತು, ಬೇರಿನಡಿಯಲ್ಲಿ ಬಿಲ.

"ಒಳಗೆ ಮರಿ ಇದಾವೆ. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

ಅವರನ್ನು ಕೇಳಬೇಕೆಂದು ನೀವು ಕಲಿಸಿರಲಿಲ್ಲ, ನನಗೂ ತೋಚಲಿಲ್ಲ. ನಾಚಿಕೆಯಿಂದ ಅಲ್ಲೇ ಕುಳಿತು ಅತ್ತೆ.

ತಿದ್ದಿದ ವರದಿ ಕಳಿಸಿದೆ. ಮೇಲಿನ ಕಚೇರಿಯಿಂದ ಎರಡೇ ಸಾಲಿನ ಉತ್ತರ ಬಂತು: ಮೊದಲ ವರದಿ ಅರ್ಹ ತಜ್ಞರದ್ದು, ಆದ್ದರಿಂದ ಅದೇ ಅಂತಿಮ. ಆ ಅರ್ಹ ತಜ್ಞೆ ನಾನೇ, ಸ್ವಾಮಿ. ನನ್ನ ಪದವಿಯೇ ಈಗ ನನ್ನ ಬಾಯಿ ಮುಚ್ಚಿಸುತ್ತಿದೆ.

ಮುಂದಿನ ತಂಡವನ್ನಾದರೂ ಹೊಳೆಗೆ ಕಳಿಸಿ, ಆ ಕಾವಲುಗಾರರನ್ನೇ ಪರೀಕ್ಷಕರನ್ನಾಗಿ ಮಾಡಿ. ಅದು ನಿಧಾನವಾಗಿ ಆಗಲಿ. ಈ ವಾರವೇ ಆಗಬೇಕಾದದ್ದು ಬೇರೆ: ನನ್ನ ಪದವಿಯನ್ನು ರದ್ದು ಮಾಡಿ. ಇವಳಿಗೆ ನಾವು ಏನೂ ಕಲಿಸಿಲ್ಲ ಎಂದು ಲಿಖಿತವಾಗಿ ಕೊಡಿ. ಆಗ ಆ ವರದಿ ಬೀಳುತ್ತದೆ, ಕಾಮಗಾರಿ ನಿಲ್ಲುತ್ತದೆ. ನನ್ನ ಕೆಲಸವೂ ಹೋಗುತ್ತದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಇಂತಿ,
ಅನರ್ಹಳೆಂಬ ಪ್ರಮಾಣಪತ್ರಕ್ಕೆ ಕಾದಿರುವ
ನಿಮ್ಮ ಮೊದಲ ರ‍್ಯಾಂಕಿನ ವಿದ್ಯಾರ್ಥಿನಿ