ಪರದೆ ಆದ ಸೀರಿ

ಇಳಕಲ್ಲ
ತಾ. ೨೦ ಡಿಸೆಂಬರ್ ೨೦೨೨, ಮಂಗಳವಾರ

ಪ್ರೀತಿಯ ಮಗಳು ಮುಬಶೀರಾಗ ನಿನ್ನ ಅಮ್ಮಿಯ ಸಲಾಮು ಮತ್ತು ದುವಾ.

ಹೊಟ್ಟಿ ಮ್ಯಾಲಿನ ಹೊಲಿಗಿ ಒಣಗ್ಯಾವೇನು? ಜ್ವರ ಮತ್ತೇನಾದ್ರೂ ಬಂದಿತ್ತೇನು? ಹಾಲು ಕೂಸಿಗೆ ಸಾಕಾಗ್ತದೋ, ಇಲ್ಲಾ ಡಬ್ಬಿ ಹಾಲು ಹಚ್ಚೀಯೋ? ಅರ್ಜು ರಾತ್ರಿ ಕಣ್ಣು ಮುಚ್ಚತಾಳೋ, ನಿನ್ನಂಗ ಬೆಳಕು ಹರಿಯೂತನಕ ರಂಪ ಮಾಡ್ತಾಳೋ? ಫೋನಿನ್ಯಾಗ ಏನು ಕೇಳಿದ್ರೂ ನೀ "ಆರಾಮ ಅದೀನಿ ಅಮ್ಮಿ" ಅಂತೀ. ಆರಾಮ ಇದ್ದಾಕಿ ಅಷ್ಟು ಲಗೂನ ಹೇಳಂಗಿಲ್ಲ, ಒಂದೀಟು ಯೋಚನಿ ಮಾಡಿ, ಇಲ್ಲೊಂದು ನೋವು ಅಲ್ಲೊಂದು ನೋವು ಅಂತ ಹೇಳ್ತಾಳ. ನಾವು ಇಲ್ಲೆ ಹಿಂಗ ಅದೀವಿ. ನಿಮ್ಮ ಅಬ್ಬಾಗ ಮೊಣಕಾಲು ಹಿಡದಾವು, ಮಗ್ಗದ ಕುಣಿಯಾಗ ಇಳದ್ರ ಏರಾಕ ನನ್ನ ಕೈ ಬೇಕು. ಬಾಜೂ ಮನಿ ಗುರುಲಿಂಗವ್ವ ದಿನಾ ಮುಂಜಾನಿ ಕಸಬರಗಿ ಹಿಡಕೊಂಡು ನಿಂತು "ಲಾಲಬಿ, ಮಗಳು ಯಾವಾಗ ಬರ್ತಾಳ?" ಅಂತ ಕೇಳ್ತಾಳ. ಮೊದಲ ಹೇಳತಿದ್ದೆ. ಈಗ ಆಕಿ ಕಸ ಹೊಡದು ಒಳಗ ಹೋದ ಮ್ಯಾಲ ನಾ ಹೊರಗ ಬರ್ತೇನಿ.

ಫೋನ್ ಇರೂ ಕಾಲದಾಗ ಅಮ್ಮಿ ಪತ್ರ ಯಾಕ ಬರದಾಳ ಅಂತ ನಗಬ್ಯಾಡ. ಫೋನು ಯಾವಾಗಲೂ ನಿನ್ನ ಗಂಡ ಇರ್ಫಾನನ ಕೈಯಾಗ ಇರತೈತಿ, ಇಲ್ಲಾಂದ್ರ ಸ್ಪೀಕರ್ ಮ್ಯಾಲ ಇರತೈತಿ. ತಾಯಿ ಮಗಳು ಮಾತಾಡೂದನ್ನ ಇಡೀ ಮನಿ ಕೇಳಿದ್ರ ಅದು ಮಾತಲ್ಲ, ರೇಡಿಯೋ. ಅಂವ ಉರ್ದು ಸಾಲಿಯಾಗ ಕಲತಾಂವ. ಬಾಗಲಕೋಟಿಯಾಗ ಹುಟ್ಟಿ ಬೆಳದ್ರೂ ಅವನ ಕನ್ನಡ ಬಸ್ಸಿನ ಬೋರ್ಡಿಗೆ ಮುಗೀತು, ನನ್ನ ಈ ಕೋಳಿಕಾಲು ಅಕ್ಷರ ಅವಗ ಹತ್ತಂಗಿಲ್ಲ. ನೀ ಸಾಲ್ಯಾಗ ಒಂದನೇತ್ತಾ ಇದ್ದಾಗ ನನ್ನ ಮಗ್ಗಲು ಕುಂತು ಒದರಿ ಒದರಿ ಓದತಿದ್ದಿ, ನಾ ರಾಟಿ ತಿರುವಿಕೋತ ಅದನ್ನ ಕೇಳಿ ಕೇಳಿ ಅಕ್ಷರ ಕಲತೆ. ಆಗ ನಿಮ್ಮ ಅಬ್ಬಾ "ಈ ವಯಸ್ಸಿನ್ಯಾಗ ಕಲತು ಯಾರಿಗೆ ಪತ್ರ ಬರಿಯಾಕಿ?" ಅಂತ ಕಾಡತಿದ್ರು. ಯಾರಿಗೆ ಅಂತ ಈಗ ಅವರಿಗೂ ಗೊತ್ತಾತು.

ಮೊದಲನೇ ಬಾಣಂತನ ತವರಿಂದು. ನಮ್ಮ ಮನ್ಯಾಗೂ ಹಂಗ, ಗುರುಲಿಂಗವ್ವನ ಮನ್ಯಾಗೂ ಹಂಗ, ಇದರಾಗ ಅವರು ಇವರು ಅಂತ ಬ್ಯಾರೆ ಇಲ್ಲ. ನಿನಗ ಏಳು ತಿಂಗಳಾದಾಗ, ಊರಿಗೆ ಕಳಸಪ್ಪಾ ಅಂತ ಇರ್ಫಾನಗ ಕೇಳಿದೆ. "ದೋಹಾದಾಗ ವರ್ಲ್ಡ್ ಕಪ್ ಬಂದೈತಿ ಅಮ್ಮಿ, ಡ್ಯೂಟಿ ಭಾಳ. ಆಕಿ ಇಲ್ಲಂದ್ರ ನನಗ ಅಡಿಗಿ ಯಾರು ಮಾಡ್ತಾರ? ಕಪ್ ಮುಗೀಲಿ, ನಾನs ಕರಕೊಂಡು ಬರ್ತೇನಿ" ಅಂದ. ಕೂಸು ಕಪ್ ಮುಗಿಯೂತನಕ ಕಾಯತೈತೇನೋ ಅಂದೆ, ನಕ್ಕ. ಎಂಟರಾಗ ಕೇಳಿದ್ರ ವಿಮಾನದ ಟಿಕೀಟು ತುಟ್ಟಿ ಆಗ್ಯಾವು ಅಂದ. ಒಂಬತ್ತರಾಗ ಕೇಳಿದ್ರ, ಈಗ ವಿಮಾನದವರು ಹತ್ತಿಸಿಕೊಳ್ಳಂಗಿಲ್ಲ ಅಂದ. ಅದು ಖರೆ. ಖರೆ ಆಗೂತನಕ ಅಂವ ಕಾದಿದ್ದ.

ಹಂಗಾರ ನಾನs ಬರ್ತೇನಿ ಅಂದೆ. ಮಕ್ಕಾದ ಉಮ್ರಾಕ್ಕಂತ ಮಾಡಿಸಿದ ಪಾಸ್‌ಪೋರ್ಟು ಟ್ರಂಕಿನ್ಯಾಗ ಇತ್ತು. ಅಷ್ಟರಾಗ ಆಟ ಮುಗಿಯೂತನಕ ಬಂಧು ಬಳಗದ ವೀಸಾ ಬಂದ್ ಆದುವು, ಮ್ಯಾಚಿನ ಟಿಕೀಟು ಇದ್ದವರಿಗೆ ಮಾತ್ರ ದಾರಿ ಅಂತ ಸುದ್ದಿ ಬಂತು. ನಮ್ಮ ಅಕ್ಕನ ಮಗ ಅಫ್ಸರನ ಮೊಬೈಲ್ ಅಂಗಡಿಗೆ ಹೋಗಿ, ಒಂದು ಟಿಕೀಟು ತಗೀಪಾ ಅಂದೆ. "ಯಾವ ದೇಶದ ಮ್ಯಾಚ್ ನೋಡ್ತಿ ಖಾಲಾ?" ಅಂದ. "ದವಾಖಾನಿಗೆ ಸಮೀಪ ಯಾರು ಆಡ್ತಾರ, ಅವರದು" ಅಂದೆ. ಅಂಗಡ್ಯಾಗ ಇದ್ದ ಹುಡುಗರೆಲ್ಲ ಹೊಟ್ಟಿ ಹಿಡಕೊಂಡು ನಕ್ಕರು. ಅಫ್ಸರ ಪಾಪ ಭಾಳ ಹೊತ್ತು ತಿಣುಕ್ಯಾಡಿದ, ಕೈಗೆ ಹತ್ತಲಿಲ್ಲ. ಮನಿಗೆ ಬರೂ ಮುಂದ ದಾರಿತುಂಬ ಅದನ್ನs ಅನಕೋತ ಬಂದೆ: ಚೆಂಡು ಒದಿಯೂದು ನೋಡಾಕ ಬರೂ ಮಂದಿಗೆ ಬಾಗಿಲಾ ತೆರೀತಾವು, ಮಗಳ ಕೂಸಿಗೆ ಎಣ್ಣಿ ತಿಕ್ಕಾಕ ಬರೂ ಮುದುಕಿಗೆ ತೆರಿಯಂಗಿಲ್ಲ. "ದುನಿಯಾನs ನಮ್ಮ ಊರಿಗೆ ಬಂದೈತಿ ಅಮ್ಮಿ" ಅಂತ ಇರ್ಫಾನ ಫೋನಿನ್ಯಾಗ ಹಿಗ್ಗತಿದ್ದ. ದುನಿಯಾ ಬಂತು, ಖರೆ. ತವರು ಬರಲಿಲ್ಲ.

ನಿನಗ ಬ್ಯಾನಿ ಬಂದ ದಿನದ ಕಥಿ ನೀ ನಕ್ಕೋತ ಹೇಳಿದಿ, ನಾ ನಕ್ಕೋತ ಕೇಳಿದೆ, ಇಬ್ಬರೂ ನಾಟಕ ಮಾಡಿದಿವಿ. ಇರ್ಫಾನಗ ಡ್ಯೂಟಿಯಿಂದ ಬಿಡಿಸಿಕೊಂಡು ಬರಾಕ ಆಗಲಿಲ್ಲ, ಟ್ಯಾಕ್ಸಿ ಮಂದ್ಯಾಗ ಸಿಕ್ಕೊಂಡಿತು, ನೀ ಇಳದು ನಡದಿ. ಸುತ್ತ ಬಾವುಟ ಹೊದ್ದುಕೊಂಡವರು, ತುತ್ತೂರಿ ಊದೂವರು. ಮುಖಕ್ಕ ಬಣ್ಣ ಬಡಕೊಂಡಿದ್ದ ಯಾವಾಕಿನೋ ಒಬ್ಬಾಕಿ ನಿನ್ನ ಮಾರಿ ನೋಡಿ ಕೈ ಹಿಡದು, ಮಂದಿ ಸರಸಿ, ದವಾಖಾನಿ ಬಾಗಿಲಾತನ ಬಂದ್ಳಂತ. ಆಕಿ ಮ್ಯಾಚು ತಪ್ಪಿತೋ ಏನೋ. ಯಾವ ದೇಶದಾಕಿ, ಏನು ಹೆಸರು, ಒಂದೂ ಗೊತ್ತಿಲ್ಲ. ನಮಾಜಿನ್ಯಾಗ ದಿನಾ ಆಕಿಗೂ ದುವಾ ಮಾಡ್ತೇನಿ. ನಾ ಹಿಡೀಬೇಕಾದ ಕೈ ಅದು.

ಈಗ ಮುಖ್ಯ ಸುದ್ದಿಗೆ ಬರ್ತೇನಿ. ನೀ ರಂಜಾನ್ ಹಬ್ಬಕ್ಕ ಬಂದು ತಿರುಗಿ ಹೋಗೂ ಮುಂದ ನಿನ್ನ ಬ್ಯಾಗಿನ ತಳದಾಗ ನನ್ನ ಹಳೇ ಹಸರು ಸೀರಿ ಇಟ್ಟಿದ್ದೆ. "ಹಡಿಯಾಕ ಇಲ್ಲೇ ಬರ್ತೇನಲ್ಲ, ಯಾಕ ಒಯ್ಲಿ?" ಅಂತ ನೀ ಜಗ್ಗಿ ತಗದಿ, ನಾ ಮತ್ತ ತುರುಕಿದೆ. ನಮ್ಮ ಮನ್ಯಾಗ ಹುಟ್ಟಿದ ಕೂಸಿಗೆ ಮೊದಲ ಹೊಸಾ ಬಟ್ಟಿ ಮುಟ್ಟಸಂಗಿಲ್ಲ, ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಸೀರಿಯಾಗ ಸುತ್ತಬೇಕು. ನೀನೂ ನಮ್ಮವ್ವನ ಸೀರಿಯಾಗ ಮಲಗಿದಾಕಿ. ಆ ಹಸರು ಸೀರಿ ನಿನಗ ನೆನಪೈತಿ. ನಿಮ್ಮ ಅಬ್ಬಾ ನೇದದ್ದು. ಒಡಲಿನ ನೂಲಿನ ಎಳಿಗೆ ಸೆರಗಿನ ರೇಷ್ಮಿ ಎಳಿ ಒಂದೊಂದs ಕೊಂಡಿ ಹಾಕಿ ಜೋಡಿಸೂ ಕೆಲಸಕ್ಕ ನೀನೂ ನನ್ನ ಸಂಗಾಟ ಕುಂತಿದ್ದಿ. ಆಟಕ್ಕ ಓಡೂ ಗಡಿಬಿಡಿಯಾಗ ಒಂದು ಮೂಲಿಯಾಗ ಕೊಂಡಿ ಸಡ್ಲ ಹಾಕಿದಿ, ಉಟ್ಟ ಮೊದಲನೇ ವರ್ಷ ಅಲ್ಲಿ ಬಿಚ್ಚಿಕೊಂತು, ನಾ ಹಳದಿ ದಾರಲೆ ಹೊಲದೆ. ಮಾರಾಕ ಬರದ ಸೀರಿ ಅಂತನs ಅದು ನನಗ ಉಳೀತು.

ಹೋದ ವಾರ ನೀ ವೀಡಿಯೋ ಮಾಡಿದಾಗ ಅರ್ಜುವನ್ನ ಭಾಳ ಸಮೀಪ ಹಿಡದು ತೋರಿಸಿದಿ. ಬರೇ ಕೂಸಿನ ಮಾರಿ, ಕೂಸಿನ ಬೆರಳು. ಕೂಸಿನ ಮೈಮ್ಯಾಲ ಬಿಳೀ ನೀಲಿ ಪಟ್ಟಿಯ ಆಟದ ಅಂಗಿ ಇತ್ತು, ಮಡಿಕಿ ಸುದ್ದಾ ಬಿಟ್ಟಿದ್ದಿಲ್ಲ. ಯಾರು ಕೊಟ್ಟರು ಅಂದ್ರ "ಗೆಳತ್ಯಾರು" ಅಂದಿ. ಆಗ ಹಿಂದಿಂದ ಯಾರೋ ಗಂಡಸು ಏನೋ ಕೂಗಿದ. ಇಂಗ್ಲಿಷು ನನಗ ಬರಂಗಿಲ್ಲ, "ಟೀ" ಅನ್ನೂದು ತಿಳೀತೈತಿ. ನೀ ಗಡಬಡಿಸಿ ಎದ್ದಿ. ಏಳೂ ಮುಂದ ಹೊಟ್ಟಿ ಮ್ಯಾಲ ಕೈ ಇಟಗೊಂಡಿದ್ದಿ. ಫೋನು ಹಾಸಿಗಿ ಮ್ಯಾಲ ಅಂಗಾತ ಬಿತ್ತು. ನೀ ಅದನ್ನ ಬಂದ್ ಮಾಡೂದು ಮರತಿ, ನಾನೂ ಮಾಡಲಿಲ್ಲ. ಮ್ಯಾಲಿನ ತೊಲಿ ಕಾಣತಿತ್ತು, ಒಂದು ಹಗ್ಗ ಕಾಣತಿತ್ತು, ಹಗ್ಗದ ಮ್ಯಾಲ ನನ್ನ ಸೀರಿ. ಕೆಂಪು ಸೆರಗು ನನ್ನ ಕಡೆ ಇಳಿಬಿದ್ದಿತ್ತು. ಹಳದಿ ಹೊಲಿಗಿ ಇತ್ತು. ಅದರ ಆಚೆ ಮಂದಿ ನಗೂ ಸಪ್ಪಳ.

ಅವತ್ತು ನಿಮ್ಮ ಅಬ್ಬಾಗ ಹೇಳಲಿಲ್ಲ. ಮರುದಿನ ಬಾಗಲಕೋಟಿ ಬಸ್ ಹತ್ತಿ ನವನಗರದಾಗ ನಿಮ್ಮ ಅತ್ತಿ ಜೋಹರಾಬಿ ಮನಿಗೆ ಹೋದೆ. ಚಾ ಕೊಟ್ಟಳು, ಬಿಸ್ಕೀಟು ಇಟ್ಟಳು. ನಾ ಸೀರಿ ಮಾತು ತಗದೆ, ಆಕಿಗೆ ಮೊದಲs ಎಲ್ಲಾ ಗೊತ್ತಿತ್ತು. "ಬೆಡ್‌ರೂಮು ಮ್ಯಾಚ್ ನೋಡಾಕ ಬಂದವರಿಗೆ ಬಾಡಿಗಿ ಕೊಟ್ಟಾನ. ಇಡೀ ಊರು ಕೊಡಾಕ ಹತ್ತೈತಿ, ನನ್ನ ಮಗ ಒಬ್ಬಾಂವನ ಹುಚ್ಚನೇನು? ಇದು ಜನ್ಮಕ್ಕೊಮ್ಮೆ ಬರೂ ಸುಗ್ಗಿ. ನಾಲ್ಕು ದಿನ ಹಾಲ್‌ನ್ಯಾಗ ಮಲಗಿದ್ರ ನಿಮ್ಮ ಮಗಳು ಕರಗತಾಳೇನ್ರಿ?" ಅಂದಳು. ಬಾಣಂತಿ ಅದಾಳ, ಗಂಡಸೂರಿಗೆ ಚಾ ಮಾಡ್ತಾಳ ಅಂದೆ. "ಪರದೆ ಕಟ್ಯಾರಲ್ಲ" ಅಂದಳು. ಮುಬಶೀರಾ, ನಾ ಆಕಿ ಕೂಡ ಜಗಳಾಡಲಿಲ್ಲ. ಬಾಯಿ ತೆರದ್ರ ಅದು ನಿನ್ನ ಮ್ಯಾಲ ಬರತೈತಿ ಅಂತ ಚಾ ಕುಡದೆ. ಅಷ್ಟು ಕಹಿ ಚಾ ನಾ ಯಾರ ಮನ್ಯಾಗೂ ಕುಡದಿಲ್ಲ, ಸಕ್ಕರಿ ಭಾಳ ಹಾಕಿದ್ದಳು.

ತಿರುಗಿ ಬಂದು ನಿಮ್ಮ ಅಬ್ಬಾಗ ಹೇಳಿದೆ. ನಿನಗ ಗೊತ್ತೈತಿ, ಅವರು ತಿಂಗಳಾನಗಟ್ಟಲೆ ಚಾದಂಗಡ್ಯಾಗ "ನಮ್ಮ ಅಳಿಯನ ಊರಾಗ ಮ್ಯಾಚು" ಅಂತ ಹೇಳಿಕೋತ ತಿರಗಿದವರು. ಲಾಳಿ ಕೈಯಾಗ ಹಂಗs ಹಿಡಕೊಂಡು ಕುಂತ್ರು. "ಯಾವ ಸೀರಿ, ಹಳದಿ ಹೊಲಿಗಿಂದಾ?" ಅಂತ ಒಂದs ಮಾತು ಕೇಳಿದ್ರು. ಫೈನಲ್ ದಿನ ಓಣಿ ಹುಡುಗರು ಪರದೆ ಕಟ್ಟಿ ದೊಡ್ಡದಾಗಿ ತೋರಿಸಿದ್ರು, ಶಾಬುದ್ದೀನ ಚಾಚಾ ಬರ್ರಿ ಅಂತ ಬಾಗಲಾ ಬಡದ್ರು. ಇವರು ಎದ್ದು ಹೋಗಲಿಲ್ಲ. ಹೊರಗ ಅರ್ಜೆಂಟೀನಾ ಗೆದ್ದಿತಂತ ಪಟಾಕಿ ಹಾರಸತಿದ್ರು, ಒಳಗ ಇವರು ಅಟ್ಟದ ಮ್ಯಾಲಿನ ತೊಟ್ಟಿಲಾ ಇಳಸಿ ಅದರ ಕೊಂಡಿಗೆ ಎಣ್ಣಿ ಬಿಡತಿದ್ರು.

ಕಪ್ ಮುಗೀತು, ಇನ್ನ ಆ ಮಂದಿ ಹೋಗ್ತಾರ, ನೀ ಕೋಣಿಯಾಗ ಮಲಗ್ತಿ ಅಂತ ನಾ ಸಮಾಧಾನ ಮಾಡಕೊಂಡಿದ್ದೆ. ನಿನ್ನೆ ಇರ್ಫಾನ ಫೋನ್ ಮಾಡಿದ. ದನಿ ಬೆಲ್ಲ ಆಗಿತ್ತು. "ಇನ್ನೂ ಇಬ್ಬರು ಕೇಳ್ಯಾರ ಅಮ್ಮಿ, ಕೋಣಿ ಹಂಗs ಬಾಡಿಗಿ ಇರಲಿ, ನಮಗೇನು, ಹಾಲ್ ಸಾಕು. ರೂಢಿ ಆಗೈತಿ" ಅಂದ. ಊರಿಗೆ ಯಾವಾಗ ಕಳಸ್ತಿ ಅಂದ್ರ "ನೋಡೂಣು" ಅಂದ. ರೂಢಿ ಯಾರಿಗೆ ಆಗೈತಿ ಅಂತ ಅಂವ ಹೇಳಲಿಲ್ಲ. ಹಿಂದ ಕೂಸು ಅಳತಿತ್ತು, ನೀ ಸುಮ್ಮಕಿರು ಸುಮ್ಮಕಿರು ಅನ್ನತಿದ್ದಿ. ಅಲ್ಲವಾ, ಕೂಸು ತನ್ನ ಮನ್ಯಾಗ ಅಳಾಕ ಯಾರ ಅಪ್ಪಣಿ ಬೇಕು?

ಈ ಪತ್ರ ಕಮತಗಿ ಅರ್ಷದನ ಕೈಯಾಗ ಕೊಟ್ಟು ಕಳಸೇನಿ. ಅಲ್ಲಿ ದೋಹಾದಾಗ ಫರಸಿ ಕಲ್ಲು ಕೂಡಸೂ ಕೆಲಸ ಮಾಡಿದಾಂವ. ಆಟದ ದಿನ ಸಮೀಪ ಬಂದಾಗ ಅವನ ಮಾಲಕ ಕೆಲಸ ಇಲ್ಲಂತ ಊರಿಗೆ ಕಳಿಸಿದ್ದ, ಹಂದರಾ ಹಾಕಿದವರನ್ನ ಊಟದ ಹೊತ್ತಿಗೆ ಎಬ್ಬಿಸಿ ಕಳಿಸಿದಂಗ. ಈಗ ತಿರುಗಿ ಕರಸ್ಯಾನ. ಅವನ ಕೂಡ ಅಂಟಿನುಂಡಿ ಕಳಸೇನಿ. ಅಮೀನಗಡದಿಂದ ಅಂಟು ತರಿಸಿ, ಉತ್ತತ್ತಿ, ಒಣಕೊಬ್ಬರಿ, ಅಳವಿ ಹಾಕಿ ತುಪ್ಪದಾಗ ಕಟ್ಟೇನಿ. ಗುರುಲಿಂಗವ್ವ ಬಂದು ಕೊಬ್ಬರಿ ತುರದು ಕೊಟ್ಟಳು. ದಿನಾ ಮುಂಜಾನಿ ಬಿಸಿ ಹಾಲಿನ ಸಂಗಾಟ ತಿನ್ನು. ಮಂದಿ ಮುಂದ ಡಬ್ಬಿ ತೆರೀಬ್ಯಾಡ. ಇದು ಬಾಣಂತಿಗೆ ಮಾಡಿದ್ದು, ಬಾಡಿಗಿದಾರರಿಗಲ್ಲ. ತಲಿಗೆ ಅರಿವಿ ಕಟಗೊ, ತಣ್ಣೀರಾಗ ಕೈ ಹಾಕಬ್ಯಾಡ, ಆ ಥಂಡಿ ಮಿಶಿನ್ನು ಕೂಸಿನ ಕಡೆ ತಿರುಗಿಸಬ್ಯಾಡ.

ಅರ್ಜುವಿನ ಹಣಿಗೆ ಅಜ್ಜಿಯ ಮುತ್ತು. ಅಬ್ಬಾನ ದುವಾ, ಗುರುಲಿಂಗವ್ವನ ಆಶೀರ್ವಾದ, ಅಫ್ಸರನ ಸಲಾಮು. ಅಲ್ಲಾ ನಿನಗ ಕಸುವು ಕೊಡಲಿ, ಎದ್ದು ನಿಂದ್ರೂವಷ್ಟು.

ನಿನ್ನ ಅಮ್ಮಿ,
ಲಾಲಬಿ

ತಾ.ಕ.: ಅರ್ಷದ ಬಾಗಲದಾಗ ನಿಂತು ಅವಸರ ಮಾಡಾಕ ಹತ್ಯಾನ, ಹೈದರಾಬಾದ ಬಸ್ಸಿನ ಹೊತ್ತಾತು. ಕೂಸಿನ ಪಾಸ್‌ಪೋರ್ಟಿಗೆ ಅಪ್ಪನ ಸಹಿ ಬೇಕಂತ, ಅಫ್ಸರ ವಿಚಾರಿಸ್ಯಾನ. ಇರ್ಫಾನ ಹಿಗ್ಗಿನ್ಯಾಗ ಇರೂವಾಗನs ಹಾಕಿಸಿಕೊ, ತಡಾ ಮಾಡಬ್ಯಾಡ. ಕೂಸಿಗೆ ಅಜ್ಜನ ಮಾರಿ ತೋರಿಸಿಕೊಂಡು ಬರ್ತೇನಿ ಅನ್ನು. ಸಹಿ ಆದ ಮ್ಯಾಲ ಅರ್ಷದಗ ಹೇಳು, ವಿಮಾನದ ಟಿಕೀಟು ಅಬ್ಬಾ ನೋಡಕೋತಾರ. ತಿರುಗಿ ಯಾವಾಗ ಬರ್ತಿ ಅಂತ ಇರ್ಫಾನ ಕೇಳಿದ್ರ, ಮುಂದಿನ ಕಪ್ ಮುಗೀಲಿ ಅನ್ನು. ಹೊರಡೂ ದಿನ ಹಗ್ಗದ ಮ್ಯಾಲಿನ ಸೀರಿ ಬಿಚ್ಚಿ, ಅದರಾಗ ಕೂಸಿನ್ನ ಸುತ್ತಿಕೊಂಡು ಬಾ.