ಬದನೆಕಾಯಿ ಬಣ್ಣದ ಸೈಕಲ್ ಚೀಲ

ಸಂಪಗಾಂವ
೧೨ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಯಶೋಧಾ,

ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಲು ಇನ್ನೂ ಒಂಬತ್ತು ದಿನ ಇದೆ ಎಂದು ಮಾವನವರು ಫೋನಿನಲ್ಲಿ ಹೇಳಿದರು. ಬೆರಳುಗಳ ಬಾವು ಇಳಿದಿದೆಯೇ? ಕೆನ್ನೆಯ ಗಾಯದ ಮೇಲೆ ಹೊಸ ಚರ್ಮ ಬಂದಿರಬೇಕು, ಬಿಸಿಲಿಗೆ ಹೋಗುವಾಗ ಸೆರಗು ಮುಂದೆ ಮಾಡಿಕೋ. ಇಲ್ಲಿ ಅವ್ವನಿಗೆ ಶ್ರಾವಣದ ಥಂಡಿಗೆ ಮೊಣಕಾಲು ಹಿಡಿದುಕೊಂಡಿವೆ, ಆದರೂ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವುದನ್ನು ಬಿಟ್ಟಿಲ್ಲ. ರಂಜನಾ ಶಾಲೆಗೆ ತಪ್ಪದೆ ಹೋಗುತ್ತಿದ್ದಾಳೆ. ಅವ್ವ ಹೆಣೆದ ಜಡೆ ತುಂಬ ಬಿಗಿಯಾಗುತ್ತದೆ, ಕಣ್ಣು ಜಗ್ಗುತ್ತವೆ ಎಂದು ದಿನಾ ದೂರುತ್ತಾಳೆ, ಶಾಲೆಯ ದಾರಿಯಲ್ಲಿ ಅರ್ಧ ಬಿಚ್ಚಿಕೊಂಡು ಹೋಗುತ್ತಾಳೆ.

ದಿನಾ ಫೋನಿನಲ್ಲಿ ಮಾತಾಡುವವನು ಈಗ ಪತ್ರ ಏಕೆ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಮೂರು ಸಲ ಹೇಳಲು ಹೋದೆ. ಮೂರು ಸಲವೂ ನೀನು "ಊಟ ಆತೇನ್ರಿ?" ಎಂದು ಕೇಳಿದೆ, ನಾನು ಆತು ಎಂದು ಹೇಳಿ ಫೋನ್ ಇಟ್ಟೆ. ನಿನ್ನ ಧ್ವನಿ ಕೇಳುತ್ತ ಹೇಳುವ ಧೈರ್ಯ ನನಗಿಲ್ಲ. ಇದನ್ನು ಒಬ್ಬಳೇ ಕುಳಿತು ಓದು. ಓದಿದ ಮೇಲೆ ಅತ್ತೆ ಮಾವನವರಿಗೆ ತೋರಿಸುವುದಿದ್ದರೆ ತೋರಿಸು, ನನ್ನ ಅಡ್ಡಿಯಿಲ್ಲ.

ಸೈಕಲ್ಲಿನ ಆ ಚೀಲದ ವಿಷಯ. ವರ್ಷದ ಮೊದಲಿಗೆ ನಿನ್ನ ರಕ್ತದಲ್ಲಿ ಸಕ್ಕರೆ ಗಡಿಗೆ ಬಂದಿದೆ ಎಂದು ರಿಪೋರ್ಟ್ ಬಂದಾಗ, ನನ್ನ ಬೈಕಿನ ಹಿಂದೆ ಕೂಡುವುದನ್ನು ಬಿಟ್ಟು ಬೈಲಹೊಂಗಲದ ದವಾಖಾನೆಯ ಕೆಲಸಕ್ಕೆ ಸೈಕಲ್ ಮೇಲೆ ಹೋಗುತ್ತೇನೆ ಎಂದೆಯಲ್ಲ, ಎಂಟು ದಿನದಲ್ಲಿ ಸಾಕೆನ್ನುತ್ತಾಳೆ ಎಂದು ನಾನು ಒಳಗೊಳಗೇ ನಕ್ಕಿದ್ದೆ. ನೀನು ಬಿಡಲಿಲ್ಲ. ಮುಕ್ಕಾಲು ತಾಸಿನ ದಾರಿ ಮೂವತ್ತೈದು ನಿಮಿಷಕ್ಕೆ ಬಂತು. ಒಂದೇ ತೊಂದರೆ ಚೀಲದ್ದು. ಹೆಗಲಿಗೆ ಹಾಕಿದರೆ ಬೆನ್ನೆಲ್ಲ ಬೆವರು, ಹ್ಯಾಂಡಲ್ಲಿಗೆ ತೂಗುಹಾಕಿದರೆ ಸೈಕಲ್ ಒಂದು ಕಡೆ ಎಳೆಯುತ್ತಿತ್ತು. ಕ್ಯಾರಿಯರಿನ ಪಕ್ಕಕ್ಕೆ ತೂಗುವ ಚೀಲ ಬೇಕು ಎಂದು ನೀನು ಫೋನಿನಲ್ಲಿ ಹದಿನೈದು ದಿನ ನೋಡಿದೆ. ಒಂದೊಂದೂ ಕರಿಯ ಡಬ್ಬಿಯಂತೆ. "ಇದನ್ನ ಹೊತ್ಕೊಂಡು ದವಾಖಾನಿಗೆ ಹೋದರ ಕೊರಿಯರ್ ಬಂತು ಅಂತಾರ" ಎಂದು ನೀನೂ ರಂಜನಾಳೂ ನಗುತ್ತಿದ್ದಿರಿ. ನಿನಗೆ ಬೇಕಾಗಿದ್ದು ಸೈಕಲ್ ಮೇಲೆ ಇದ್ದಾಗ ಗಟ್ಟಿಯಾಗಿ ನಿಲ್ಲುವ, ಇಳಿಸಿ ಹೆಗಲಿಗೆ ಹಾಕಿದರೆ ಹೆಣ್ಣುಮಕ್ಕಳ ಚೆಂದದ ಬ್ಯಾಗಿನಂತೆ ಕಾಣುವ ಒಂದು ಚೀಲ. ಲ್ಯಾಬಿನ ಬಿಳಿ ಕೋಟು ಮಡಿಕೆ ಮುರಿಯದೆ ಕೂಡಬೇಕು, ಬುತ್ತಿಡಬ್ಬಿ ಅಡ್ಡ ಬೀಳಬಾರದು, ಪೆಡಲ್ ತುಳಿಯುವಾಗ ಹಿಮ್ಮಡಿ ತಾಗಬಾರದು. ಹಳೆಯ ರಟ್ಟಿನ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ ಅಂಗಳದಲ್ಲಿ ಸುತ್ತು ಹೊಡೆದೆ. ರಂಜನಾ ನೆಲಕ್ಕೆ ಕುಳಿತು "ಅವ್ವಾ, ತಾಗ್ತು! ಇನ್ನ ಎರಡ್ ಬೆರಳು ಹಿಂದಕ್ಕ!" ಎಂದು ಕೂಗುತ್ತಿದ್ದಳು. ಆಗ ನೀನು ನನ್ನ ಕಡೆ ತಿರುಗಿ, ಯಾವ ಬಣ್ಣ ಚಲೋ ಕಾಣತೈತಿ ಹೇಳ್ರಿ ಎಂದು ಕೇಳಿದೆ. ನಾನು ಫೋನಿನಿಂದ ತಲೆ ಎತ್ತದೆ, "ಪ್ಲಾಸ್ಟಿಕ್ ಚೀಲ ಸಾಲೂದಿಲ್ಲೇನು? ಏನ್ ಮದವಿಗೆ ಹೊಂಟಿಯಾ?" ಎಂದೆ. ನೀನು ಮತ್ತೆ ಕೇಳಲಿಲ್ಲ.

ಕೊನೆಗೆ ನೀನು ಬೈಲಹೊಂಗಲ ಬಜಾರದಲ್ಲಿ ಶಾಲೆಯ ಬ್ಯಾಗ್ ಹೊಲಿಯುವ ಲಗಮವ್ವನ ಹತ್ತಿರ ಹೋದೆ. ರಟ್ಟಿನ ಪೆಟ್ಟಿಗೆಯ ಅಳತೆ ಕೊಟ್ಟು, ಹಿಮ್ಮಡಿಗೆ ಜಾಗ ಬಿಡಲು ಹಿಂದಿನ ಮೂಲೆಯನ್ನು ಓರೆಯಾಗಿ ಕತ್ತರಿಸಲು ಹೇಳಿದೆ. ಬದನೆಕಾಯಿ ಬಣ್ಣದ ದಪ್ಪ ಬಟ್ಟೆ, ಒಳಗೆ ರೆಕ್ಸಿನ್, ಅಂಚಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಮಳೆ ಬಂದರೆ ಮೇಲೆ ಎಳೆಯುವ ಮುಸುಕು. ಮೇಲೆ ಎರಡು ಕೊಂಡಿ, ಕ್ಯಾರಿಯರಿಗೆ ಸಿಕ್ಕಿಸಲು. ಕೆಳಗೆ ಹಿಂಬದಿಗೆ, ಕಣ್ಣಿಗೆ ಬೀಳದ ಕಡೆ, ಒತ್ತಿದರೆ ತಾನೇ ಸಿಕ್ಕಿಕೊಳ್ಳುವ ಒಂದು ಸಣ್ಣ ಕೊಂಡಿ, ಚೀಲ ಓಲಾಡಿ ಗಾಲಿಯೊಳಗೆ ಹೋಗದಂತೆ ಸರಳಿಗೆ ಹಿಡಿದುಕೊಳ್ಳಲು. ಅದು ಬಂದ ದಿನ ಅವ್ವ ಕೂಡ ಮುಟ್ಟಿ ನೋಡಿ, "ನಂಗೂ ಒಂದ್ ಹೊಲಿಸಿ ಕೊಡವಾ, ಗುಡ್ಡದ ಜಾತ್ರಿಗೆ ಹೋಗುವಾಗ ಹಿಡಕೊಳ್ಳಾಕ" ಎಂದಳು. ನಿಮ್ಮ ದವಾಖಾನೆಯ ಇಬ್ಬರು ನರ್ಸ್‌ಗಳು, ಮೂವರು ಶಿಕ್ಷಕಿಯರು ಅಂಥದೇ ಬೇಕೆಂದು ಲಗಮವ್ವನಿಗೆ ಹೇಳಿದರು. ನಾನೊಬ್ಬನೇ ಚೆನ್ನಾಗಿದೆ ಎನ್ನಲಿಲ್ಲ.

ನಮ್ಮ ಬೀಜದ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಮಡಿವಾಳೆಪ್ಪನನ್ನು ನೀನು ಬಲ್ಲೆ. ಅವನೊಂದು ದಿನ ಚಹಾ ಕುಡಿಯುವಾಗ ಎಲ್ಲರ ಮುಂದೆ, "ಏನೋ ದುಂಡಪ್ಪಾ, ನೀ ಬೈಕ್ ಮ್ಯಾಲೆ, ವೈನಿ ಸೈಕಲ್ ಮ್ಯಾಲೆ? ಮನ್ಯಾಗ ಮಾತುಕತಿ ಅದಾವೋ ಇಲ್ಲೋ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅದು ದಿನದ ಮಾತಾಯಿತು. ನಿನ್ನ ಚೀಲದ ಬಣ್ಣವನ್ನೂ ಅವರು ಬಿಡಲಿಲ್ಲ. ನನ್ನ ಸಿಟ್ಟು ಅವರ ಮೇಲೆ ಬರಬೇಕಿತ್ತು, ನಿನ್ನ ಸೈಕಲ್ಲಿನ ಮೇಲೆ ಬಂತು.

ಯಶೋಧಾ, ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಜುಲೈ ಆರು, ಭಾನುವಾರ ಮಧ್ಯಾಹ್ನ, ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ನಾನು ಕಟ್ಟೆಯ ಮೇಲೆ ಕುಳಿತು ಆ ಕೆಳಗಿನ ಕೊಂಡಿಯ ಎರಡೂ ಸ್ಕ್ರೂ ಬಿಚ್ಚಿ ಕೊಂಡಿಯನ್ನು ತೆಗೆದೆ. ತೆಗೆದು ತಿಪ್ಪೆಗೆ ಎಸೆದೆ. ಚೀಲ ಓಲಾಡುತ್ತದೆ, ಗಡಗಡ ಸಪ್ಪಳ ಮಾಡುತ್ತದೆ, ನೀನು ಬೇಸತ್ತು ಸೈಕಲ್ ಬಿಡುತ್ತೀ ಎಂದಷ್ಟೇ ನನ್ನ ಲೆಕ್ಕ. ನೀನು ಬೀಳಲಿ ಎಂದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ, ಏಕೆಂದರೆ ಆ ಕೊಂಡಿ ಯಾತಕ್ಕೆ ಇದೆ ಎಂದು ನೀನು ಅಂಗಳದಲ್ಲಿ ರಂಜನಾಳಿಗೆ ತಿಳಿಸಿ ಹೇಳಿದ್ದನ್ನು ನಾನೂ ಕೇಳಿದ್ದೆ. ಮಂಗಳವಾರ ಸಂಜೆ ನೀನು, "ಯಾಕೋ ಚೀಲ ಅಳ್ಳಾಡಾಕ ಹತ್ತೈತಿ, ಸ್ವಲ್ಪ ನೋಡ್ರಿ" ಎಂದೆ. "ನೋಡ್ತೇನಿ" ಎಂದೆ. ನೋಡಲಿಲ್ಲ. ಬುಧವಾರವೂ ಬಾಯಿ ಬಿಡಲಿಲ್ಲ. ಗುರುವಾರ ಇಳಿಜಾರಿನಲ್ಲಿ ನೀನು ತಗ್ಗು ತಪ್ಪಿಸಲು ಹ್ಯಾಂಡಲ್ ತಿರುಗಿಸಿದಾಗ ಚೀಲ ಗಾಲಿಯೊಳಗೆ ಹೋಯಿತು, ಗಾಲಿ ನಿಂತಿತು, ನೀನು ರಸ್ತೆಗೆ ಬಿದ್ದೆ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರ್ ನಿನ್ನ ತಲೆಯಿಂದ ಎಷ್ಟು ದೂರದಲ್ಲಿ ನಿಂತಿತು ಎಂದು ಅದರ ಚಾಲಕ ನನಗೆ ಕೈಯಿಂದ ತೋರಿಸಿದ. ಒಂದು ಮೊಳವೂ ಇರಲಿಲ್ಲ. ಆ ಅಳತೆಯನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ದವಾಖಾನೆಯ ಹಾಸಿಗೆಯ ಮೇಲೆ ಮಲಗಿ ನೀನು, "ತಪ್ಪು ನಂದ ಐತ್ರಿ. ಚಂದ ನೋಡಿದೆ, ಗಟ್ಟಿ ನೋಡಲಿಲ್ಲ" ಎಂದೆ. ಆಗಲಾದರೂ ಹೇಳಬಹುದಿತ್ತು. ನಾನು, "ಅದಕ್ಕ ನಾ ಮೊದಲ ಹೇಳಿದ್ದೆ" ಎಂದೆ. ನಾನು ಮಾಡಿದ ಎಲ್ಲದರಲ್ಲಿ ಸ್ಕ್ರೂ ಬಿಚ್ಚಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ. ನೀನು ಗೋಡೆಯ ಕಡೆ ಮುಖ ಮಾಡಿದೆ. ಮರುವಾರ ಮಾವನವರು ಬಂದು ನಿನ್ನನ್ನು ರಾಮದುರ್ಗಕ್ಕೆ ಕರೆದುಕೊಂಡು ಹೋದರು.

ನೀನು ಹೋದ ಮೇಲೆ, ಈ ತಿಂಗಳ ಮೂರನೆಯ ತಾರೀಖು ಲಗಮವ್ವ ನಮ್ಮ ಮನೆಗೆ ಬಂದಳು. ನೀನು ಇಲ್ಲೇ ಇದ್ದೀಯೆಂದು ತಿಳಿದು ಮೂಸಂಬಿ ತಂದಿದ್ದಳು. ಐವರೂ ಚೀಲ ಬೇಡವೆಂದರಂತೆ. ಶಾಲೆಯ ಬ್ಯಾಗ್ ತರುವವರು ಕೂಡ ಎರಡೆರಡು ಸಲ ಹೊಲಿಗೆ ಜಗ್ಗಿ ನೋಡುತ್ತಾರಂತೆ. ಚೀಲ ಒಮ್ಮೆ ತೋರಿಸಿ ಎಂದಳು. ತಂದುಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಅಂಚನ್ನು ಉಗುರಿನಿಂದ ಎಳೆದು ನೋಡಿದಳು. "ಹೊಲಿಗಿ ಒಂದೂ ಹರದಿಲ್ರಿ ಅಣ್ಣಾರ" ಎಂದಳು. ಆಮೇಲೆ ಕೆಳಗಿನ ಎರಡು ತೂತುಗಳ ಮೇಲೆ ಬೆರಳು ಇಟ್ಟು ಅವುಗಳ ಅಂಚನ್ನು ಸವರಿ ನೋಡಿದಳು. "ಕಿತ್ತು ಹೋಗಿದ್ದರ ರೆಕ್ಸಿನ್ ಹರೀತಿತ್ತು. ಇದು ಬಿಚ್ಚಿ ಹೋಗೇತಿ. ನಾನ ಸಡಲ ಬಿಟ್ಟಿರಬೇಕು. ಅಕ್ಕಾರ ಕೈ ನಾನ ಮುರದಂಗಾತು. ಮೂರು ವಾರ ಆತ್ರಿ, ನಿದ್ದಿ ಇಲ್ಲ" ಎಂದು ಅತ್ತಳು. ನಾನು ಕಂಬಕ್ಕೆ ಆತು ನಿಂತು ನೋಡುತ್ತಿದ್ದೆ. ಮಾಡದ ತಪ್ಪನ್ನು ನೀವಿಬ್ಬರು ಹೆಣ್ಣುಮಕ್ಕಳು ನಿಮ್ಮ ನಿಮ್ಮ ತಲೆಯ ಮೇಲೆ ಎಳೆದುಕೊಂಡಿದ್ದಿರಿ, ಮಾಡಿದವನು ಅವಳಿಗೆ ಚಹಾ ಕುಡಿಯಿರಿ ಎನ್ನುತ್ತಿದ್ದ.

ಅವಳು ಹೋದ ಮೇಲೆ ಅವ್ವ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, "ಆವತ್ತ ಕಟ್ಟಿ ಮ್ಯಾಲೆ ಕುಂತು ಚೀಲಕ್ಕ ಏನ ಮಾಡಾಕ ಹತ್ತಿದ್ದಿ?" ಎಂದು ಕೇಳಿದಳು. ಅವಳು ನೋಡಿದ್ದಳು. ರಿಪೇರಿ ಎಂದುಕೊಂಡಿದ್ದಳು. ನಾನು ಹೇಳಿದೆ. ಅವ್ವ ಬೈಯಲಿಲ್ಲ. "ನನ್ನ ಮುಂದ ಹೇಳಿ ಏನ ಬಂತು? ಯಾರ್ಗೆ ಹೇಳಬೇಕೋ ಅವರ್ಗೆ ಹೇಳು" ಎಂದು ಒಳಗೆ ಹೋದಳು. ಅಂದಿನಿಂದ ನನಗೆ ತಾಟು ಇಡುತ್ತಾಳೆ, ಮಾತು ಇಲ್ಲ.

ಮರುದಿನ ಲಗಮವ್ವನ ಅಂಗಡಿಗೆ ಹೋದೆ. ಗಿರಾಕಿಗಳು ಇಬ್ಬರಿದ್ದರು, ಅವರು ಹೋಗಲಿ ಎಂದು ಕಾಯಬೇಕೆನ್ನಿಸಿತು. ಕಾದರೆ ಹೇಳುವುದಿಲ್ಲ ಎಂದು ನನಗೇ ಗೊತ್ತಿತ್ತು, ಅವರ ಮುಂದೆಯೇ ಹೇಳಿದೆ. ಅವಳು ಮಷಿನ್ ನಿಲ್ಲಿಸಿದಳು. ನನ್ನನ್ನು ನೋಡದೆ ತನ್ನ ಕೈಗಳನ್ನು ನೋಡಿಕೊಂಡಳು. "ನನ್ನ ಕೈ ಮ್ಯಾಲಿನ ನಂಬಿಗಿ ನನಗ ಹೋಗಿತ್ರಿ. ಹೊಳ್ಳಿ ಬಂತು, ಅಷ್ಟ ಸಾಕು. ಅಕ್ಕಾರ ಆ ಚೀಲ ತಂದರ ಹೊಸ ಕೊಂಡಿ ಹಾಕಿ ಕೊಡ್ತೇನಿ. ನೀವು ಮಾತ್ರ ಇನ್ನೊಮ್ಮೆ ಈ ಅಂಗಡಿ ಹತ್ತಬ್ಯಾಡ್ರಿ" ಎಂದಳು. ಅಲ್ಲಿಂದ ನಿಮ್ಮ ದವಾಖಾನೆಗೆ ಹೋಗಿ ನರ್ಸ್‌ಗಳಿಗೆ ಹೇಳಿದೆ, ಆ ವಾರದಲ್ಲಿ ಮೂವರು ಶಿಕ್ಷಕಿಯರಿಗೂ ಹೇಳಿದೆ. ಒಬ್ಬರು ಬಾಗಿಲು ಹಾಕಿಕೊಂಡರು. ನಾಲ್ವರು ಮತ್ತೆ ಲಗಮವ್ವನಿಗೆ ಅಳತೆ ಕೊಟ್ಟಿದ್ದಾರೆ ಎಂದು ಕೇಳಿದ್ದೇನೆ. ಮಡಿವಾಳೆಪ್ಪನಿಗೂ ಹೇಳಿದೆ. ಅವನು ಅರ್ಧ ಕುಡಿದ ಚಹಾ ಇಟ್ಟು, "ನಾ ನಗಿಚಾಷ್ಟಿ ಮಾಡಿದ್ದೋ ಮಾರಾಯಾ" ಎಂದ. ಹೀಗೆ ಊರಿಗೆಲ್ಲ ಹೇಳಿ, ಮೊದಲು ಕೇಳಬೇಕಾದ ನಿನಗೆ ಕೊನೆಗೆ ಹೇಳುತ್ತಿದ್ದೇನೆ. ಇದಕ್ಕೂ ಬೈಯಿ.

ಸೈಕಲ್ಲನ್ನು ಮಾರಿಬಿಡಿ ಎಂದು ನೀನು ಹೇಳಿದ್ದೆ. ಮಾರಿಲ್ಲ. ಅದು ನಿನ್ನದು, ಏನು ಮಾಡಬೇಕೆಂದು ಈಗ ನಿಜ ತಿಳಿದುಕೊಂಡು ನೀನೇ ಹೇಳು. ರಂಜನಾಳಿಗೆ ನಾನು ಇನ್ನೂ ಹೇಳಿಲ್ಲ. ನಾನು ಹೇಳಬೇಕೋ ನೀನು ಹೇಳುತ್ತೀಯೋ ಬರೆದು ತಿಳಿಸು, ಎಡಗೈಯಲ್ಲಿ ಎರಡು ಅಕ್ಷರವಾದರೂ ಸಾಕು. ಅತ್ತೆ ಮಾವನವರ ಪಾದಕ್ಕೆ ನನ್ನ ನಮಸ್ಕಾರ, ಅವರು ತೆಗೆದುಕೊಂಡರೆ. ಅವ್ವ ನಿನಗೆ ಆಶೀರ್ವಾದ ಬರೆಯಲು ಹೇಳಿದ್ದಾಳೆ, ಹತ್ತು ದಿನದಲ್ಲಿ ನನ್ನೊಡನೆ ಅವಳು ಆಡಿದ ಮಾತು ಇದೊಂದೇ.

ಇಂತಿ,
ನಿನ್ನವನು ಎಂದು ಬರೆಯಲು ಕೈ ಬಾರದ
ದುಂಡಪ್ಪ

ತಾ.ಕ.: ಲಕೋಟೆ ಅಂಟಿಸಿ ಅಂಚೆ ಕಚೇರಿಯವರೆಗೆ ಬಂದು, ಇಲ್ಲಿಯ ಮೇಜಿನ ಮೇಲೆ ಮತ್ತೆ ಹರಿದು ಬರೆಯುತ್ತಿದ್ದೇನೆ. ಟಪಾಲಿನ ಚೀಲ ಕಟ್ಟುವ ಹೊತ್ತಾಯಿತು ಎಂದು ಅಂಚೆಯವರು ಅವಸರ ಮಾಡುತ್ತಿದ್ದಾರೆ. ಮಡಿವಾಳೆಪ್ಪನ ಮಾತಿಗೆ ಹಾಗೆ ಮಾಡಿದೆ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಹನ್ನೆರಡು ವರ್ಷ ಸಂಜೆಯ ಹೊತ್ತು ನೀನು ದವಾಖಾನೆಯ ಮೆಟ್ಟಿಲ ಮೇಲೆ ನಿಂತು ನನ್ನ ದಾರಿ ನೋಡುತ್ತಿದ್ದೆ. ಕೆಲಸವಿಲ್ಲದಿದ್ದರೂ ಎಷ್ಟೋ ಸಲ ನಾನು ಬೇಕೆಂದೇ ತಡಮಾಡಿ ಬರುತ್ತಿದ್ದೆ. ನೀನು ಕಾಯುವುದು ನನಗೆ ಹಿತವಾಗಿತ್ತು. ಸೈಕಲ್ ಬಂದ ಮೇಲೆ ನೀನು ನನಗಿಂತ ಮೊದಲು ಮನೆಗೆ ಬಂದು, ಬೆವರಿದ ಮುಖದಲ್ಲಿ ನಗುತ್ತ, ದಾರಿಯಲ್ಲಿ ಮುಂಗುಸಿ ಅಡ್ಡ ಬಂದದ್ದನ್ನು ರಂಜನಾಳಿಗೆ ಹೇಳುತ್ತಿದ್ದೆ. ಅಷ್ಟು ನಗು ನನ್ನ ಬೈಕಿನಿಂದ ಇಳಿದಾಗ ನಿನ್ನ ಮುಖದಲ್ಲಿ ನಾನು ಕಂಡಿರಲಿಲ್ಲ. ಅದನ್ನು ತಡೆದುಕೊಳ್ಳಲಾಗಲಿಲ್ಲ. ಜನ ಏನೂ ಅನ್ನದಿದ್ದರೂ ನಾನು ಆ ಸ್ಕ್ರೂ ಬಿಚ್ಚುತ್ತಿದ್ದೆ. ತಿರುಗಿ ಬರಬೇಕೋ ಬೇಡವೋ ಎಂದು ಯೋಚಿಸುವಾಗ ಇದನ್ನು ಇಟ್ಟುಕೊಂಡು ಯೋಚಿಸು. — ದುಂ.