ಮಾದರಿ ಮನೆಯ ಒಗೆತ

ಭಾನುವಾರ, ಮಧ್ಯಾಹ್ನ

ನಿವಾಸಿಗಳ ಸಂಘದ ಅಧ್ಯಕ್ಷರಿಗೆ,

‘ರೀ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಗದ ಹಾಳು ಮಾಡಿದಳು ಎನ್ನಬೇಡಿ, ಅದೇ ಹಾಳೆಯಲ್ಲಿ ಮುಂದುವರಿಸಿದ್ದೇನೆ.

ತಂಗಿಯ ಫೋನಿಗೆ ನೀವು ಕಳಿಸಿದ್ದು ತಲುಪಿತು. ಊರಿನಲ್ಲೇ ಅತಿ ಕಡಿಮೆ ಇಂಗಾಲ ಉಗುಳುವ ಮನೆ ನಮ್ಮದೆಂದು ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರಂತೆ. ನಾನೂ ಅತ್ತೆಯವರೂ ಬಂದು ನಿಮ್ಮ ಪಕ್ಕ ನಿಲ್ಲಬೇಕಂತೆ. ಬರುವುದಿಲ್ಲ. ಏನೂ ಗೊತ್ತಿಲ್ಲದವರ ಹಾಗೆ ಮನೆ ಬಿಟ್ಟ ಕಾರಣ ಕೇಳಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಮಾರಿದಿರಿ. ಬಸ್ಸು ಹತ್ತಿದೆ, ಅದು ನನಗೆ ಹೊಸದಲ್ಲ. ಏಸಿ ತೆಗೆಸಿದಿರಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೆ. ಆಮೇಲೊಂದು ಸಂಜೆ, ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲೆಳೆದುಕೊಂಡು ಬಂದರೆ, ಬಚ್ಚಲಲ್ಲಿ ವಾಷಿಂಗ್ ಮಷೀನಿದ್ದ ಜಾಗ ಖಾಲಿ. “ಕರೆಂಟ್ ತಿನ್ನೋ ಪಿಶಾಚಿ ಅದು, ಕೊಟ್ಬಿಟ್ಟೆ. ಕೈಯಲ್ಲಿ ಒಗೆದ್ರೆ ವ್ಯಾಯಾಮನೂ ಆಗುತ್ತೆ” ಅಂದಿರಿ. ಯಾರ ಕೈ ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ.

ನಿಮ್ಮ ತಾಯಿಗೆ ಹಾಸಿಗೆ ಒದ್ದೆಯಾಗುತ್ತದೆಂದು ನಿಮಗೆ ಗೊತ್ತಿತ್ತು. ನೀರು ಕುಡಿದ ದುಪ್ಪಟಿ ಎಷ್ಟು ಭಾರ ಎಂಬುದು ಗೊತ್ತಿರಲಿಲ್ಲ. ದಿನಾ ಅದನ್ನು ತಿಕ್ಕಿ, ಹಿಂಡಿ, ನೀವೇ ನಿಲ್ಲಿಸಿದ ಲಿಫ್ಟಿನ ಪಕ್ಕದ ಮೆಟ್ಟಿಲು ಹತ್ತಿ ತಾರಸಿಯಲ್ಲಿ ಹರವಿದವಳು ನಾನು. ಬೆರಳ ಸಂದಿ ಬಿರಿದು, ಅಂಗಡಿಯಲ್ಲಿ ಮಾತ್ರೆಯ ಹಾಳೆ ಕತ್ತರಿಸುವಾಗಲೂ ಉರಿಯುತ್ತಿತ್ತು. ಅತ್ತೆಯವರು ನನ್ನ ಕೈ ನೋಡುತ್ತಿದ್ದರು.

ಅವರು ತಲೆಸುತ್ತಿ ಬಿದ್ದಾಗ ಮೈಯಲ್ಲಿ ನೀರೇ ಇಲ್ಲ ಎಂದರು ಡಾಕ್ಟರು. ನೀವು ವಯಸ್ಸಾಯಿತೆಂದು ಹೇಳಿ, ನಮ್ಮ ಮನೆಗೆ ಬಂದ ಬಹುಮಾನದ ಸಮಾರಂಭಕ್ಕೆ ಹೊರಟಿರಿ. ಪಕ್ಕದ ಮನೆಯವರನ್ನು ಅತ್ತೆಯವರ ಬಳಿ ಕೂರಿಸಿ ಬಂದು, ನೀವು ವೇದಿಕೆಯಲ್ಲಿ ಹೇಳಿದ್ದನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ನಾನೂ ಕೇಳಿದೆ: “ನಮ್ಮನೇಲಿ ಯಾರಿಗೂ ಏನೂ ಕಷ್ಟ ಆಗ್ಲಿಲ್ಲ.” ಜನ ಚಪ್ಪಾಳೆ ತಟ್ಟಿದರು.

ಮರುದಿನ ನೀರಿನ ಲೋಟ ಹಿಡಿದು ಕೂತಾಗ ಅತ್ತೆಯವರು ಬಾಯಿಬಿಟ್ಟರು. ನನಗೆ ಒಗೆತ ಕಡಿಮೆಯಾಗಲೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದರಂತೆ.

ನಾನು ಬಟ್ಟೆ ತುಂಬಿಕೊಳ್ಳುವಾಗ ಅವರು ಬಾಗಿಲಲ್ಲಿ ನಿಂತು, “ನನ್ನನ್ನೂ ಕರ್ಕೊಂಡು ಹೋಗಮ್ಮ. ಇಲ್ಲಿ ಬಾಯಾರಿದ್ರೆ ಭಯ ಆಗುತ್ತೆ” ಎಂದರು. ನಾನು ಅವರ ತಲೆ ಕೆಡಿಸಿದೆ ಎಂದು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದೀರಂತಲ್ಲ. ಅವರ ತಲೆ ನಿಮ್ಮದಕ್ಕಿಂತ ನೆಟ್ಟಗಿದೆ.

ತಂಗಿಯ ಬೀದಿಯಲ್ಲಿ ಅಷ್ಟೂ ಮನೆಗೆ ಸೇರಿ ಒಂದೇ ಮಷೀನು. ತಾರಸಿಯ ಬಿಸಿಲಿನ ಕರೆಂಟಿನಲ್ಲಿ ಓಡುತ್ತದೆ. ಗಂಡಸರೂ ಸರದಿಯಲ್ಲಿ ಒಗೆಯುತ್ತಾರೆ. ಯಾರೂ ವೇದಿಕೆ ಹತ್ತಿಲ್ಲ. ಅತ್ತೆಯವರು ಈಗ ತಂಬಿಗೆಗಟ್ಟಲೆ ನೀರು ಕುಡಿಯುತ್ತಾರೆ.

ಫೋಟೋಕ್ಕೆ ನೀವೊಬ್ಬರೇ ನಿಲ್ಲಿ. ನಗು ನಿಮಗೆ ಚೆನ್ನಾಗಿ ಬರುತ್ತದೆ.

ನಿಮ್ಮ ಹೆಂಡತಿಯೆನ್ನಲು ಮನಸ್ಸಿಲ್ಲದ,
ನಿಮ್ಮ ತಾಯಿಯ ಸೊಸೆ

ತಾ.ಕ.: ಮೊನ್ನೆ ಇಲ್ಲಿನ ಸಭೆಯಲ್ಲಿ, ಭೂಮಿ ಯಾಕೆ ಬಿಸಿಯಾಗುತ್ತಿದೆ, ನಾವೇನು ಮಾಡಬೇಕು ಎಂದು ನನ್ನನ್ನು ಮಾತಾಡಲು ಹೇಳಿದರು. ಬಾಯಿಗೆ ಬಂದದ್ದೆಲ್ಲ ನಿಮ್ಮದೇ ಮಾತು. ಎಲ್ಲರೂ ಒಪ್ಪಿದರು, ಯಾಕೆಂದರೆ ಒಂದೂ ಸುಳ್ಳಲ್ಲ. ಭೂಮಿಯ ಬಗ್ಗೆಯೂ ನೀವು ಸುಳ್ಳು ಹೇಳಿದ್ದರೆ ಎಂದೋ ನಕ್ಕು ಕ್ಷಮಿಸಿಬಿಡುತ್ತಿದ್ದೆ.